ಹಳೇ ಟ್ವಿನ್ ಟಬ್ ಮೆಷಿನ್: ಡ್ರೈಯರ್ ಗುಂಯ್ ಎನ್ನುತ್ತದೆ, ತಿರುಗುವುದಿಲ್ಲ. ಮೋಟಾರೇ ಹೋಗಿದೆಯಾ?

ಹಳೇಸಾಮಾನು

ಎಲ್ಲರಿಗೂ ನಮಸ್ಕಾರ. ದೊಡ್ಡಮ್ಮನ ಟ್ವಿನ್ ಟಬ್ ವಾಷಿಂಗ್ ಮೆಷಿನ್ ಈಗ ನನ್ನ ಹತ್ತಿರ ಬಂದಿದೆ. ಒಂದು ಕಡೆ ಒಗೆಯುವ ತೊಟ್ಟಿ, ಪಕ್ಕದಲ್ಲಿ ಬಟ್ಟೆ ಹಿಂಡುವ ಡ್ರೈಯರ್. 1970ರ ದಶಕದ ಕೊನೆಯದು. ಮೈ ಪೂರ್ತಿ ತಗಡು, ಒಗೆಯುವ ತೊಟ್ಟಿ ಎನಾಮಲ್. ಬಹಳ ವರ್ಷ ಸುಮ್ನೆ ಮೂಲೆಯಲ್ಲಿ ನಿಂತಿತ್ತು.

ಒಗೆಯುವ ಕಡೆಯ ಚಕ್ರ ಒಂದೇ ದಿಕ್ಕಿಗೆ ತಿರುಗುತ್ತದೆ. ನಿಲ್ಲುತ್ತದೆ, ಬಹಳ ಹೊತ್ತು ಸುಮ್ಮನಿರುತ್ತದೆ, ಮತ್ತೆ ಅದೇ ದಿಕ್ಕಿಗೆ ಹೊರಡುತ್ತದೆ. ಡ್ರೈಯರ್ ಕಡೆ ಟೈಮರ್ ತಿರುಗಿಸಿದರೆ ಗುಂಯ್ ಎಂಬ ಶಬ್ದ ಮಾತ್ರ. ಡ್ರಮ್ ಅಲುಗುವುದಿಲ್ಲ. ಅಡಿಯ ತಗಡು ತುಕ್ಕು ಹಿಡಿದಿದೆ. ವೈರ್ ಎರಡು ಪಿನ್ನಿನದು, ಮೇಲಿನ ರಬ್ಬರ್ ಮುಟ್ಟಿದರೆ ಉದುರುತ್ತದೆ.

ರಿಪೇರಿಯವರೊಬ್ಬರು ಬಂದು "ಎರಡೂ ಮೋಟಾರ್ ಹೋಗಿವೆ, ಗುಜರಿಗೆ ಹಾಕಿ" ಎಂದು ಹೇಳಿ ಹೋದರು. ಹಿಂದಿನ ಮುಚ್ಚಳ ಕೂಡ ಬಿಚ್ಚಿ ನೋಡಲಿಲ್ಲ. ನನಗೆ ಇದನ್ನು ಬಿಡುವ ಮನಸ್ಸಿಲ್ಲ. ಓಡಬೇಕು, ನೋಡಲೂ ಚೆನ್ನಾಗಿರಬೇಕು. ಎಲ್ಲಿಂದ ಶುರು ಮಾಡಲಿ?

ತಂತಿಕೆಲಸ

ಮೊದಲು ಪ್ಲಗ್ ಕೀಳಿ. ವೈರಿನ ರಬ್ಬರ್ ಉದುರುತ್ತಿದೆ, ಮೆಷಿನ್ನಿನ ಮೈ ತಗಡು, ಅದರೊಳಗೆ ನೀರು. ಹೊಸ ವೈರ್ ಹಾಕುವ ತನಕ ಕರೆಂಟ್ ಕೊಡಲೇಬೇಡಿ. ಮಿಕ್ಕಿದ್ದು ಆಮೇಲೆ ಮಾತಾಡೋಣ.

ಬೇಗಬೇಗ

ಮೋಟಾರ್ ಹೊರಡಲು ನೆರವಾಗುವ ಕಂಡೆನ್ಸರ್ ಹೋಗಿದೆ. ಹೊಸದು ಹಾಕಿ, ಓಡುತ್ತದೆ. ಗುಂಯ್ ಅಂದರೆ ಬಹುತೇಕ ಸಲ ಅದೇ.

ವೈಂಡಿಂಗ್ಮನೆ

ಇರಬಹುದು. ಆದರೆ ನೋಡದೆ ತೀರ್ಮಾನ ಬೇಡ. ಕಂಡೆನ್ಸರ್ ಸತ್ತರೂ ಗುಂಯ್, ಬ್ರೇಕ್ ಹಿಡಿದುಕೊಂಡರೂ ಗುಂಯ್, ಬೇರಿಂಗ್ ಕಚ್ಚಿಕೊಂಡರೂ ಗುಂಯ್. ಶಬ್ದ ಕೇಳಿ ಯಾವುದು ಅಂತ ಹೇಳಲು ಆಗುವುದಿಲ್ಲ.

ಹಳೇಸಾಮಾನು ಅವರೇ, ಒಗೆಯುವ ಮೋಟಾರ್ ಬಗ್ಗೆ ನಿಮಗೆ ಒಳ್ಳೆಯ ಸುದ್ದಿ ಇದೆ. ಅದು ಹೋಗಿಲ್ಲ. ಆ ಮೋಟಾರಿನಲ್ಲಿ ಒಂದೇ ಅಳತೆಯ ಎರಡು ವೈಂಡಿಂಗ್, ಅಂದರೆ ತಾಮ್ರದ ತಂತಿಯ ಸುತ್ತು, ಇರುತ್ತವೆ. ಕಂಡೆನ್ಸರ್ ಎರಡರ ತುದಿಗಳ ನಡುವೆ ಕೂತಿರುತ್ತದೆ. ಟೈಮರ್ ಒಮ್ಮೆ ಒಂದು ತುದಿಗೆ ಕರೆಂಟ್ ಕೊಡುತ್ತದೆ, ಆಮೇಲೆ ಇನ್ನೊಂದಕ್ಕೆ. ಕರೆಂಟ್ ನೇರವಾಗಿ ಯಾವುದಕ್ಕೆ ಸಿಕ್ಕಿತೋ ಅದು ಮುಖ್ಯ ವೈಂಡಿಂಗ್ ಆಗುತ್ತದೆ, ಇನ್ನೊಂದು ಕಂಡೆನ್ಸರ್ ಮೂಲಕ ಬರುತ್ತದೆ. ದಿಕ್ಕು ಬದಲಾಗುವುದು ಹೀಗೆ.

ಈಗ ಯೋಚನೆ ಮಾಡಿ. ಒಂದು ವೈಂಡಿಂಗ್ ಕಡಿದಿದ್ದರೆ ಮೋಟಾರ್ ಯಾವ ದಿಕ್ಕಿಗೂ ಹೊರಡುವುದಿಲ್ಲ, ಬರೀ ಗುಂಯ್ ಎನ್ನುತ್ತದೆ. ಕಂಡೆನ್ಸರ್ ಸತ್ತಿದ್ದರೂ ಅದೇ ಕಥೆ. ನಿಮ್ಮದು ಒಂದು ದಿಕ್ಕಿಗೆ ತಾನಾಗಿ ಹೊರಡುತ್ತಿದೆ. ಅಂದರೆ ಎರಡೂ ವೈಂಡಿಂಗ್ ಇವೆ, ಕಂಡೆನ್ಸರ್ ಕೂಡ ಬದುಕಿದೆ. ಇನ್ನೊಂದು ತುದಿಗೆ ಕರೆಂಟ್ ತಲುಪುತ್ತಿಲ್ಲ, ಅಷ್ಟೇ. ಟೈಮರ್ ಒಳಗೆ ಕರೆಂಟ್ ಸೇರಿಸುವ ಒಂದು ಕಾಂಟ್ಯಾಕ್ಟ್ ಸುಟ್ಟಿರಬೇಕು, ಇಲ್ಲವೇ ಆ ವೈರಿನ ತುದಿ ಕಳಚಿರಬೇಕು. ನಡುವೆ ಬಹಳ ಹೊತ್ತು ಸುಮ್ಮನಿರುತ್ತದೆ ಎಂದಿರಲ್ಲ, ಅದು ಇನ್ನೊಂದು ದಿಕ್ಕಿನ ಸರದಿ.

ಹಳೇಸಾಮಾನು

ಹಾಗಾದರೆ ಆ ಮೋಟಾರ್ ಬದಲಿಸುವ ಅಗತ್ಯವೇ ಇಲ್ಲ ಅಂತೀರಾ? ಕೇಳಿ ಬಹಳ ಖುಷಿಯಾಯಿತು. ಮನೆಯಲ್ಲಿ ಮೀಟರ್ ಇದೆ. ಹೇಗೆ ನೋಡಬೇಕು ಹೇಳಿ.

ವೈಂಡಿಂಗ್ಮನೆ

ಪ್ಲಗ್ ಕಿತ್ತಿರಲಿ. ಕಂಡೆನ್ಸರ್ ಡಿಸ್ಚಾರ್ಜ್ ಮಾಡಿ, ಅಂದರೆ ಅದರಲ್ಲಿ ಉಳಿದ ಕರೆಂಟ್ ಖಾಲಿ ಮಾಡಿ, ಅದರ ಒಂದು ವೈರ್ ಬಿಡಿಸಿ. ಮೋಟಾರಿನಿಂದ ಮೂರು ವೈರ್ ಬಂದಿರುತ್ತವೆ. ಓಮ್ಸ್‌ನಲ್ಲಿ ಇಟ್ಟು ಎರಡೆರಡಾಗಿ ಅಳೆಯಿರಿ. ಎರಡು ಅಳತೆ ಹೆಚ್ಚುಕಡಿಮೆ ಸಮ ಬರಬೇಕು, ಮೂರನೆಯದು ಅದರ ಎರಡರಷ್ಟು. ಎರಡರಷ್ಟು ಬಂದ ಜೋಡಿಯನ್ನು ಬಿಟ್ಟು ಉಳಿದ ವೈರೇ ಕಾಮನ್, ಅಂದರೆ ಎರಡೂ ವೈಂಡಿಂಗಿಗೆ ಸೇರಿದ್ದು.

ಡ್ರೈಯರ್ ಮೋಟಾರ್ ಹಾಗಲ್ಲ. ಅದು ಒಂದೇ ದಿಕ್ಕಿಗೆ ತಿರುಗುವುದು. ರನ್ನಿಂಗ್ ವೈಂಡಿಂಗ್ ಓಮ್ಸ್ ಕಡಿಮೆ, ಸ್ಟಾರ್ಟಿಂಗ್ ಜಾಸ್ತಿ. ಎರಡೂ ಸಮ ಇಲ್ಲ ಅಂತ ಗಾಬರಿಯಾಗಬೇಡಿ. ಮೂರನೇ ಅಳತೆ ಎರಡರ ಮೊತ್ತಕ್ಕೆ ಹೊಂದಬೇಕು, ಅಷ್ಟು ನೋಡಿ. ಆಮೇಲೆ ಪ್ರತಿ ವೈರಿನಿಂದ ಮೋಟಾರ್ ಬಾಡಿಗೂ ಅಳೆಯಿರಿ. ಅಲ್ಲಿ ಏನೂ ತೋರಿಸಬಾರದು.

ಬೇಗಬೇಗ

ಡಿಸ್ಚಾರ್ಜ್ ಮಾಡುವುದು ಸುಲಭ. ಸ್ಕ್ರೂಡ್ರೈವರ್ ಇಟ್ಟು ಎರಡು ಪಿನ್ ಸೇರಿಸಿ, ಚಟ್ ಅಂತ ಕಿಡಿ ಬರುತ್ತದೆ, ಮುಗಿಯಿತು.

ತಂತಿಕೆಲಸ

ದಯವಿಟ್ಟು ಹಾಗೆ ಮಾಡಬೇಡಿ. ಪಿನ್ ಸುಡುತ್ತದೆ, ಕಿಡಿ ಕಣ್ಣಿಗೆ ಹಾರಬಹುದು, ಹಳೇ ಕಂಡೆನ್ಸರ್ ಆದರೆ ಒಳಗೇ ಒಡೆಯಬಹುದು. 10 ಕಿಲೋ ಓಮ್, 5 ವಾಟ್ ರೆಸಿಸ್ಟರ್ ಒಂದು ತಗೊಂಡು, ಇನ್ಸುಲೇಷನ್ ಇರುವ ಇಕ್ಕಳದಲ್ಲಿ ಹಿಡಿದು ಎರಡು ಪಿನ್ನಿಗೆ ಕೆಲವು ಸೆಕೆಂಡ್ ಒತ್ತಿ. ಆಮೇಲೆ ಮೀಟರಿನಲ್ಲಿ ವೋಲ್ಟ್ ಸೊನ್ನೆ ಇದೆ ಅಂತ ಖಾತ್ರಿ ಮಾಡಿಕೊಂಡೇ ಕೈ ಹಾಕಿ.

ಇನ್ನೊಂದು ಮುಖ್ಯ ವಿಷಯ. ಆ ಕಾಲದ ಎಣ್ಣೆ ತುಂಬಿದ ಕಂಡೆನ್ಸರ್‌ಗಳಲ್ಲಿ ಪಿಸಿಬಿ ಎಂಬ ರಾಸಾಯನಿಕ ಇರುತ್ತಿತ್ತು. ಪಾಲಿಕ್ಲೋರಿನೇಟೆಡ್ ಬೈಫಿನೈಲ್. ಅಮೆರಿಕದಲ್ಲಿ 1979ರಲ್ಲಿ ಅದನ್ನು ನಿಷೇಧಿಸಿದರು. 2001ರ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಯಲ್ಲೂ ಅದು ಇದೆ. ನಿಮ್ಮ ಮೆಷಿನ್ ಅದೇ ಕಾಲದ್ದು. ಕಂಡೆನ್ಸರ್ ಮೈ ಜಿಡ್ಡಾಗಿದ್ದರೆ, ಉಬ್ಬಿದ್ದರೆ, ಬರಿಗೈಯಲ್ಲಿ ಮುಟ್ಟಬೇಡಿ. ಕೈಗವಸು ಹಾಕಿ, ಗಟ್ಟಿ ಚೀಲದಲ್ಲಿ ಕಟ್ಟಿ, ಅಪಾಯಕಾರಿ ತ್ಯಾಜ್ಯ ತೆಗೆದುಕೊಳ್ಳುವ ಕಡೆ ಕೊಡಿ. ಒಳಗೆ ಏನಿದೆ ಅಂತ ಕುತೂಹಲಕ್ಕೆ ಕೊಯ್ಯುವುದಂತೂ ಬೇಡವೇ ಬೇಡ.

ಪುಟ್ಟತಂಗಿ

ಇದು ಗೊತ್ತೇ ಇರಲಿಲ್ಲ ಅಣ್ಣ. ನಮ್ಮ ಹಳೇ ಫ್ಯಾನಿನಲ್ಲೂ ಡಬ್ಬಿಯಂಥದ್ದು ಇದೆ, ಅದೂ ಹೀಗೇನಾ?

ತಂತಿಕೆಲಸ

ಆ ಕಾಲದ ಎಣ್ಣೆ ಡಬ್ಬಿ ಆಗಿದ್ದರೆ ಅದಕ್ಕೂ ಇದೇ ಎಚ್ಚರಿಕೆ ಇರಲಿ ತಂಗಿ. ಈಗ ಬರುವ ಒಣ ಫಿಲ್ಮ್ ಕಂಡೆನ್ಸರ್‌ನಲ್ಲಿ ಆ ಭಯವಿಲ್ಲ.

ಬೇಗಬೇಗ

ಸರಿ, ರೆಸಿಸ್ಟರ್ ಮಾತು ಒಪ್ಪಿದೆ. ಆದರೆ ಡ್ರೈಯರ್ ಕಂಡೆನ್ಸರ್ ಹೇಗೂ ಬದಲಿಸಲೇಬೇಕಲ್ಲ? ಅಷ್ಟು ಹಳೆಯದನ್ನು ಯಾರಾದರೂ ಇಟ್ಟುಕೊಳ್ಳುತ್ತಾರಾ?

ವೈಂಡಿಂಗ್ಮನೆ

ಬದಲಿಸಲಿ, ನನ್ನದೇನೂ ತಕರಾರಿಲ್ಲ. ಹಳೇ ಕಂಡೆನ್ಸರ್ ಮೇಲೆ ಬರೆದಿರುವ ಮೈಕ್ರೋಫ್ಯಾರಡ್ (ಅದರ ಸಾಮರ್ಥ್ಯದ ಅಳತೆ) ಅಷ್ಟೇ ಹಾಕಬೇಕು. ಜಾಸ್ತಿ ಹಾಕಿದರೆ ಮೋಟಾರ್ ಜೋರಾಗಿ ಓಡುತ್ತದೆ ಎಂಬ ನಂಬಿಕೆ ಇದೆ. ಓಡುವುದಿಲ್ಲ. ಸ್ಟಾರ್ಟಿಂಗ್ ವೈಂಡಿಂಗಿನಲ್ಲಿ ಕರೆಂಟ್ ಜಾಸ್ತಿ ಹರಿದು ಅದು ಸುಡುತ್ತದೆ. ವೋಲ್ಟ್ ಮಾತ್ರ ಹಳೆಯದಕ್ಕಿಂತ ಕಡಿಮೆ ಇರಬಾರದು. ಜಾಸ್ತಿ ಇದ್ದರೆ ತೊಂದರೆಯಿಲ್ಲ.

ನಾನು ಹೇಳುತ್ತಿರುವುದು ಇಷ್ಟೇ. ಕಂಡೆನ್ಸರ್ ಹಾಕಿದ ಮೇಲೂ ಗುಂಯ್ ಎಂದರೆ ಮತ್ತೆ ಮತ್ತೆ ಸ್ವಿಚ್ ಹಾಕಿ ನೋಡಬೇಡಿ. ತಿರುಗದೆ ನಿಂತ ಮೋಟಾರಿನಲ್ಲಿ ಕರೆಂಟ್ ಹಲವು ಪಟ್ಟು ಹರಿಯುತ್ತದೆ. ಚೆನ್ನಾಗಿದ್ದ ವೈಂಡಿಂಗ್ ಹಾಳಾಗುವುದು ಈ ಪರೀಕ್ಷೆಯಲ್ಲೇ.

ಸ್ಪ್ಯಾನರ್ಹಿಡಿದವನು

ಮೀಟರ್ ಹಿಡಿಯುವ ಮೊದಲು ಕೈಯಲ್ಲೇ ನೋಡಬಹುದಾದ್ದು ಇದೆ. ಪ್ಲಗ್ ಕಿತ್ತು, ಹಿಂದಿನ ತಗಡು ಬಿಚ್ಚಿ. ಡ್ರೈಯರ್ ಮುಚ್ಚಳ ಮುಚ್ಚಿ. ಮುಚ್ಚಳ ತೆರೆದಿದ್ದರೆ ಬ್ರೇಕ್ ಹಿಡಿದಿರುತ್ತದೆ, ಮುಚ್ಚಿದರೆ ಕೇಬಲ್ ಎಳೆದು ಬಿಡಿಸುತ್ತದೆ. ಈಗ ಕೆಳಗಿನಿಂದ ಮೋಟಾರ್ ಮೇಲಿನ ಬ್ರೇಕ್ ಡ್ರಮ್ ಹಿಡಿದು ತಿರುಗಿಸಿ.

ಸಲೀಸಾಗಿ ತಿರುಗಿದರೆ ಬೇಗಬೇಗ ಅವರ ಮಾತೇ ಸರಿ, ಕಂಡೆನ್ಸರ್ ನೋಡಿ. ತಿರುಗದಿದ್ದರೆ ಬ್ರೇಕ್ ಪಟ್ಟಿ ನಿಜವಾಗಿ ಬಿಟ್ಟಿದೆಯಾ ನೋಡಿ. ವರ್ಷಗಟ್ಟಲೆ ನಿಂತ ಮೆಷಿನ್‌ನಲ್ಲಿ ಕೇಬಲ್ ತನ್ನ ಕವಚದೊಳಗೇ ತುಕ್ಕು ಹಿಡಿದು ಕೂತುಬಿಡುತ್ತದೆ. ಬ್ರೇಕ್ ಬಿಟ್ಟಿದ್ದರೂ ತಿರುಗುತ್ತಿಲ್ಲ ಅಂದರೆ ಮೋಟಾರಿಗೂ ಡ್ರಮ್ಮಿಗೂ ಕೂಡಿಸಿರುವ ಕಪ್ಲಿಂಗ್ ಬೋಲ್ಟ್ ಸಡಿಲಿಸಿ ಡ್ರಮ್ಮಿನ ಶಾಫ್ಟ್ ಮೇಲೆತ್ತಿ. ಈಗ ಮೋಟಾರ್ ಬೇರೆ, ಡ್ರಮ್ ಬೇರೆ. ಎರಡರಲ್ಲಿ ಯಾವುದು ಬಿಗಿ ಅಂತ ತಕ್ಷಣ ಗೊತ್ತಾಗುತ್ತದೆ.

ಮನೆಮದ್ದು

ಮೇಲಿನಿಂದ ಡ್ರಮ್ ಪಕ್ಕದಲ್ಲಿ ಎಣ್ಣೆ ಬಿಡಿ. ನಮ್ಮ ಮೆಷಿನ್ ಹಾಗೆ ಬಿಟ್ಟ ಮೇಲೆ ಓಡಿತು.

ಸ್ಪ್ಯಾನರ್ಹಿಡಿದವನು

ಎಣ್ಣೆ ಬಿಡುವುದು ಯಾವುದಕ್ಕೆ ಅನ್ನುವುದು ಮುಖ್ಯ ಅಲ್ವಾ? ಡ್ರಮ್ ಕೆಳಗೆ ರಬ್ಬರ್ ಸೀಲ್ ಇದೆ. ಮಾಮೂಲಿ ಎಣ್ಣೆ ತಾಗಿದರೆ ಕೆಲವು ಜಾತಿಯ ರಬ್ಬರ್ ಊದಿಕೊಂಡು ಮೆತ್ತಗಾಗುತ್ತದೆ. ಸೀಲ್ ಹೋಯಿತು ಅಂದರೆ ನೀರು ಶಾಫ್ಟ್ ಹಿಡಿದು ಇಳಿದು ನೇರವಾಗಿ ಮೋಟಾರ್ ಮೇಲೆ ಬೀಳುತ್ತದೆ. ಇವತ್ತು ಓಡಿದರೂ ಮುಂದೆ ಮೋಟಾರನ್ನೇ ತಿನ್ನುತ್ತದೆ. ಸೀಲಿನ ತುಟಿಗೆ ಸಿಲಿಕೋನ್ ಗ್ರೀಸ್ ಹಚ್ಚಿ. ಮೋಟಾರಿನಲ್ಲಿ ಕಂಚಿನ ಬುಷ್ ಇದ್ದರೆ ಅದಕ್ಕೆ ಎರಡು ಹನಿ ತೆಳು ಎಣ್ಣೆ ಸಾಕು. ಬಾಲ್ ಬೇರಿಂಗ್ ಇದ್ದರೆ ಬದಲಿಸುವುದೇ ಸರಿ.

ಮನೆಮದ್ದು

ಓಡಿತು ಅಂತ ಹೇಳಿದೆ, ಸುಳ್ಳಲ್ಲ. ಆದರೆ ಸೀಲ್ ವಿಷಯ ಯೋಚಿಸಬೇಕಾದ್ದೇ. ಅದನ್ನು ಬಿಚ್ಚಿ ನೋಡುತ್ತೇನೆ.

ಹಳೇಸಾಮಾನು

ಬಿಚ್ಚಿದೆ. ಕೇಳಿ.

ಬ್ರೇಕ್ ಕೇಬಲ್ ಸರಿ ಇದೆ, ಪಟ್ಟಿ ಬಿಡುತ್ತದೆ. ಕಪ್ಲಿಂಗ್ ಕಳಚಿದ ಮೇಲೆ ಡ್ರಮ್ ಸಲೀಸಾಗಿ ತಿರುಗಿತು. ಮೋಟಾರ್ ಮಾತ್ರ ಒಂಚೂರೂ ಅಲುಗುವುದಿಲ್ಲ. ಅದರ ತಲೆಯ ಮೇಲೆ ಕಂದು ಬಣ್ಣದ ನೀರಿನ ಕಲೆ, ಮೇಲಿನ ಬೇರಿಂಗ್ ಸುತ್ತ ತುಕ್ಕಿನ ಪುಡಿ. ಡ್ರಮ್ ಕೆಳಗಿನ ರಬ್ಬರ್ ಸೀಲ್ ಗಟ್ಟಿಯಾಗಿ ಬಿರುಕು ಬಿಟ್ಟಿದೆ. ವೈಂಡಿಂಗ್ ಓಮ್ಸ್ ಮೂರೂ ನೀವು ಹೇಳಿದ ಲೆಕ್ಕಕ್ಕೆ ಹೊಂದುತ್ತವೆ.

ಸ್ಪ್ಯಾನರ್ ಅಣ್ಣ ಹೇಳಿದ್ದೇ ಆಗಿದೆ. ನೀರು ಸೀಲಿನಿಂದ ಇಳಿದು ಮೋಟಾರ್ ಮೇಲೆ ಬಿದ್ದಿದೆ.

ವೈಂಡಿಂಗ್ಮನೆ

ನೋಡಿ, ನಾನು ಹೇಳಬೇಕೆಂದಿದ್ದು ಇದನ್ನೇ. ಯಾರಾದರೂ ಆ ಮೋಟಾರ್ ಕಿತ್ತು ಹೊಸದು ಹಾಕಿಬಿಟ್ಟಿದ್ದರೆ, ಬಿರುಕು ಬಿಟ್ಟ ಸೀಲ್ ಹಾಗೇ ಉಳಿಯುತ್ತಿತ್ತು. ಹೊಸ ಮೋಟಾರಿಗೂ ಅದೇ ಗತಿ. ಮೊದಲು ಸೀಲ್, ಆಮೇಲೆ ಬೇರಿಂಗ್. ಮೋಟಾರಿನ ತಾಮ್ರ ಚೆನ್ನಾಗಿರುವಾಗ ಅದನ್ನು ಗುಜರಿಗೆ ಹಾಕುವುದು ಅನ್ಯಾಯ.

ಸ್ಪ್ಯಾನರ್ಹಿಡಿದವನು

ಬೇರಿಂಗ್ ಬದಿಯಲ್ಲಿ ನಂಬರ್ ಕೊರೆದಿರುತ್ತದೆ. ತುಕ್ಕು ಒರೆಸಿ ಓದಿ. 6202 ಅಂದರೆ ಒಳಗೆ 15, ಹೊರಗೆ 35, ದಪ್ಪ 11 ಮಿಲಿಮೀಟರ್. 6203 ಅಂದರೆ 17, 40, 12. ಈ ಅಳತೆಗಳು ಲೋಕಕ್ಕೆಲ್ಲ ಒಂದೇ. ಮೆಷಿನ್ ಕಂಪನಿ ಮುಚ್ಚಿಹೋಗಿದ್ದರೂ ಬೇರಿಂಗ್ ಸಿಗುತ್ತದೆ. ನಂಬರ್ ಮುಂದೆ ಝಡ್‌ಝಡ್ ಇದ್ದರೆ ತಗಡಿನ ಮುಚ್ಚಳ, 2ಆರ್‌ಎಸ್ ಇದ್ದರೆ ರಬ್ಬರ್ ಮುಚ್ಚಳ. ನೀರಿನ ಹತ್ತಿರ ಇರುವುದಕ್ಕೆ 2ಆರ್‌ಎಸ್ ಹಾಕಿ.

ತೆಗೆಯುವಾಗ ಬೇರಿಂಗ್ ಎಳೆದು ತೆಗೆಯುವ ಪುಲ್ಲರ್ ಬಳಸಿ. ಮೋಟಾರ್ ಮುಚ್ಚಳಗಳು ಮತ್ತು ನಡುವಿನ ಬಾಡಿ ಸೇರುವ ಜಾಗದಲ್ಲಿ ಮೊದಲೇ ಗುರುತು ಗೀಚಿಕೊಳ್ಳಿ. ಮತ್ತೆ ಅದೇ ಕೋನದಲ್ಲಿ ಕೂರಿಸದಿದ್ದರೆ ಒಳಗೆ ತಿರುಗುವ ರೋಟರ್ ಉಜ್ಜುತ್ತದೆ. ಹೊಸ ಬೇರಿಂಗನ್ನು ಶಾಫ್ಟ್ ಮೇಲೆ ಕೂರಿಸುವಾಗ ಒಳಗಿನ ರಿಂಗ್ ಮೇಲೆ ಮಾತ್ರ ಬಡಿಯಿರಿ. ಮುಚ್ಚಳದ ಗೂಡಿಗೆ ಕೂರಿಸುವುದಾದರೆ ಹೊರಗಿನ ರಿಂಗ್ ಮೇಲೆ. ತಪ್ಪು ರಿಂಗಿಗೆ ಪೆಟ್ಟು ಕೊಟ್ಟರೆ ಗುಂಡುಗಳು ಒಳಗೆ ಕುಳಿ ಬೀಳಿಸುತ್ತವೆ, ಹೊಸ ಬೇರಿಂಗ್ ಮೊದಲ ದಿನವೇ ಗೊರಗೊರ ಎನ್ನುತ್ತದೆ.

ಕುತೂಹಲಿ

ಸೀಲ್ ಎಲ್ಲಿ ಸಿಗುತ್ತದೆ? ಅಷ್ಟು ಹಳೇ ಮೆಷಿನ್ನಿನದು ಯಾರು ಇಟ್ಟಿರುತ್ತಾರೆ?

ಸ್ಪ್ಯಾನರ್ಹಿಡಿದವನು

ಮಾಡೆಲ್ ಹೆಸರು ಹಿಡಿದು ಹುಡುಕಿದರೆ ಸಿಗುವುದು ಕಷ್ಟ. ಅಳತೆ ಹಿಡಿದು ಹುಡುಕಿ. ಶಾಫ್ಟ್ ದಪ್ಪ, ಸೀಲ್ ಕೂರುವ ತೂತಿನ ಅಗಲ, ಆಳ. ಶಾಫ್ಟಿನ ದಪ್ಪವನ್ನು ಸೀಲ್ ಉಜ್ಜದ ಜಾಗದಲ್ಲಿ ಅಳೆಯಿರಿ, ಉಜ್ಜಿದ ಕಡೆ ಸವೆದಿರುತ್ತದೆ. ಆ ಸವೆದ ಗೆರೆಯಲ್ಲಿ ಉಗುರು ಸಿಕ್ಕಿಕೊಳ್ಳುವಷ್ಟು ಆಳವಿದ್ದರೆ ಹೊಸ ಸೀಲೂ ಸೋರುತ್ತದೆ. ಸೀಲನ್ನು ಒಂದೆರಡು ಮಿಲಿಮೀಟರ್ ಮೇಲೆ ಕೆಳಗೆ ಕೂರಿಸಿ ತುಟಿ ಬೇರೆ ಜಾಗದಲ್ಲಿ ತಾಗುವಂತೆ ಮಾಡಬಹುದು.

ತಂತಿಕೆಲಸ

ಮೋಟಾರ್ ಬಿಚ್ಚಿದ್ದೀರಿ, ಹಾಗೇ ಇನ್ಸುಲೇಷನ್ ನೋಡಿಬಿಡಿ. ಸಾದಾ ಮೀಟರ್ ಕೆಲವೇ ವೋಲ್ಟಿನಲ್ಲಿ ಅಳೆಯುತ್ತದೆ, ಅದರಲ್ಲಿ ತೇವ ಗೊತ್ತಾಗದೇ ಹೋಗಬಹುದು. 500 ವೋಲ್ಟ್ ಮೆಗ್ಗರ್, ಅಂದರೆ ಇನ್ಸುಲೇಷನ್ ಅಳೆಯುವ ಮೀಟರ್, ಬೇಕು. ಒಂದು ಮೆಗಾ ಓಮ್ ಮೇಲಿರಬೇಕು ಅನ್ನುವುದು ಕನಿಷ್ಠ ಲೆಕ್ಕ. ಇಷ್ಟು ವರ್ಷ ನಿಂತ ಮೋಟಾರಿನಲ್ಲಿ ಕಡಿಮೆ ಬಂದರೆ ಸತ್ತಿದೆ ಅಂತ ಎಣಿಸಬೇಡಿ. ವೈಂಡಿಂಗ್ ಗಾಳಿಯ ತೇವ ಹೀರಿರುತ್ತದೆ. ಡಬ್ಬದೊಳಗೆ ಹಳೇ ಫಿಲಮೆಂಟ್ ಬಲ್ಬ್ ಹಚ್ಚಿ, ಪಕ್ಕದಲ್ಲಿ ಮೋಟಾರ್ ಇಟ್ಟು ನಿಧಾನವಾಗಿ ಒಣಗಿಸಿ. ಬಿಸಿ ಜಾಸ್ತಿ ಬೇಡ. ಬೆಂಕಿ ಹತ್ತುವ ಡಬ್ಬ ಬೇಡ. ಒಣಗಿದ ಹಾಗೆ ಅಳತೆ ಏರುತ್ತಾ ಹೋಗುತ್ತದೆ.

ನೆನಪಿನಬುತ್ತಿ

ಒಂದು ಮಾತು. ಎಲ್ಲ ಹೊಸದು ಹಾಕುತ್ತಾ ಹೋದರೆ ಅದು ಹಳೇ ಮೆಷಿನ್ ಆಗಿ ಉಳಿಯುತ್ತದಾ? ಆ ಎರಡು ಪಿನ್ನಿನ ವೈರ್, ಆ ಬೇಕಲೈಟ್ ಪ್ಲಗ್, ಅವೇ ಅದರ ಸೊಗಸು. ಇಷ್ಟು ವರ್ಷ ಅದರಲ್ಲೇ ಓಡಿದೆ, ಯಾರಿಗೂ ಏನೂ ಆಗಿಲ್ಲ. ನಾನು ಪ್ರತಿ ಸ್ಕ್ರೂ ಕೂಡ ಹಳೆಯದೇ ಉಳಿಸುತ್ತೇನೆ.

ತಂತಿಕೆಲಸ

ಸ್ಕ್ರೂ ಉಳಿಸಿ, ಬೇಕಲೈಟ್ ಗುಂಡಿ ಉಳಿಸಿ, ನನ್ನ ಒಪ್ಪಿಗೆ ಇದೆ. ಆ ಪ್ಲಗ್ಗನ್ನು ತೆಗೆದು ಜೋಪಾನವಾಗಿ ಇಡಿ. ಆದರೆ ಅದರಲ್ಲಿ ಓಡಿಸಬೇಡಿ. ಇಷ್ಟು ವರ್ಷ ಏನೂ ಆಗಿಲ್ಲ ಎಂದರೆ ಇನ್ಸುಲೇಷನ್ ಗಟ್ಟಿ ಇತ್ತು ಅಂತ ಮಾತ್ರ ಅರ್ಥ. ಈಗ ಅದೇ ಇನ್ಸುಲೇಷನ್ ಪುಡಿಯಾಗುತ್ತಿದೆ. ಒದ್ದೆ ನೆಲ, ಒದ್ದೆ ಕೈ, ತಗಡಿನ ಮೈ, ಅರ್ಥಿಂಗ್ ಇಲ್ಲ. ಒಳಗೆ ಒಂದು ವೈರ್ ಬಾಡಿಗೆ ತಾಗಿದರೆ ಕರೆಂಟಿಗೆ ಇರುವ ದಾರಿ ಮುಟ್ಟಿದ ಮನುಷ್ಯನೇ.

ಮೂರು ಕೋರ್ ವೈರ್ ಹಾಕಿ. ಹಸಿರು ವೈರನ್ನು ಬಾಡಿಗೆ ಬೋಲ್ಟ್ ಮಾಡಿ, ಬಣ್ಣ ಕೆರೆದು ಲೋಹಕ್ಕೆ ಲೋಹ ತಾಗುವಂತೆ. ಎರಡು ಮೋಟಾರಿನ ಬಾಡಿಗೂ ಅಲ್ಲಿಂದ ವೈರ್ ಎಳೆಯಿರಿ. ಮೋಟಾರ್‌ಗಳು ರಬ್ಬರ್ ಬುಷ್ ಮೇಲೆ ಕೂತಿರುತ್ತವೆ, ತಗಡಿಗೆ ತಾಗಿರುವುದಿಲ್ಲ. ಅರ್ಥ್ ಸಿಗದಿದ್ದರೆ ನ್ಯೂಟ್ರಲಿಗೆ ಸೇರಿಸಿ ಎನ್ನುವವರು ಇದ್ದಾರೆ. ಅವರ ಮಾತು ಕೇಳಬೇಡಿ. ನ್ಯೂಟ್ರಲ್ ಎಲ್ಲಾದರೂ ಕಡಿದರೆ ಪೂರ್ತಿ ಬಾಡಿಗೆ ಕರೆಂಟ್ ಬರುತ್ತದೆ. ಲೈನಿನಲ್ಲಿ 30 ಮಿಲಿ ಆಂಪ್ ಆರ್‌ಸಿಸಿಬಿ ಇರಲಿ, ಕರೆಂಟ್ ಸೋರಿದರೆ ತಾನಾಗಿ ಕಡಿಯುವ ಸ್ವಿಚ್ ಅದು.

ನೆನಪಿನಬುತ್ತಿ

ಮೋಟಾರ್ ರಬ್ಬರ್ ಮೇಲೆ ಕೂತಿರುವ ವಿಷಯ ನನಗೆ ಹೊಳೆದಿರಲಿಲ್ಲ. ಸರಿ, ವೈರಿನ ವಿಷಯ ಬಿಟ್ಟುಕೊಟ್ಟೆ. ಆದರೆ ಬಣ್ಣದ ವಿಷಯದಲ್ಲಿ ಬಿಡುವುದಿಲ್ಲ. ಮೈಗೆ ಹೊಸ ಸ್ಪ್ರೇ ಹೊಡೆದು ಹೊಳೆಯುವ ಹಾಗೆ ಮಾಡಬೇಡಿ.

ಉಪ್ಪುಕಾಗದ

ಬಣ್ಣದ ಮಾತು ಬಂತು, ಇನ್ನು ನಾನು ಸುಮ್ಮನಿರಲಾರೆ.

ಮೊದಲು ಯಾವುದು ಎನಾಮಲ್, ಯಾವುದು ಪೇಂಟ್ ಅಂತ ನೋಡಿ. ತೊಟ್ಟಿಯ ಎನಾಮಲ್ ಅಂದರೆ ತಗಡಿನ ಮೇಲೆ ಸುಮಾರು 800 ಡಿಗ್ರಿಯಲ್ಲಿ ಕರಗಿಸಿ ಅಂಟಿಸಿದ ಗಾಜು. ಮನೆಯಲ್ಲಿ ಅದನ್ನು ಮತ್ತೆ ಮಾಡಲು ಆಗುವುದಿಲ್ಲ. ಚಕ್ಕೆ ಎದ್ದ ಜಾಗದ ತುಕ್ಕು ಕೆರೆದು, ಒಣಗಿಸಿ, ಎರಡು ಭಾಗ ಬೆರೆಸುವ ಎಪಾಕ್ಸಿ ತುಂಬಿ. ಎನಾಮಲ್ ಮೇಲೆ ವಿನೆಗರ್, ನಿಂಬೆಹುಳಿ ಬಹಳ ಹೊತ್ತು ಬಿಡಬೇಡಿ, ಹೊಳಪು ಹೋಗುತ್ತದೆ. ಹುಳಿ ಯಾವುದೇ ಇರಲಿ, ಅದರ ಜೊತೆ ಬ್ಲೀಚ್ ಸೇರಿಸಬೇಡಿ, ವಿಷದ ಗಾಳಿ ಏಳುತ್ತದೆ.

ಮೈಯ ಪೇಂಟ್ ಬೇರೆ ವಿಷಯ. ಹಳೇ ಪೇಂಟಿನಲ್ಲಿ ಸೀಸ ಇರಬಹುದು. ಒಣಗಿದ್ದನ್ನು ಉಜ್ಜಿ ಧೂಳೆಬ್ಬಿಸಬೇಡಿ. ನೀರು ಹಚ್ಚಿ ವಾಟರ್ ಪೇಪರಿನಲ್ಲಿ ಉಜ್ಜಿ, ಮಾಸ್ಕ್ ಹಾಕಿ, ಮಕ್ಕಳನ್ನು ದೂರ ಇಡಿ. ನೆನಪಿನಬುತ್ತಿ ಅವರ ಮಾತಿನಲ್ಲಿ ಅರ್ಧ ಒಪ್ಪುತ್ತೇನೆ. ಪೇಂಟ್ ಗಟ್ಟಿ ಇರುವ ಕಡೆ ಮುಟ್ಟಬೇಡಿ, ಪಾಲಿಶ್ ಸಾಕು. ಅಡಿಯ ತಗಡಿಗೆ ಮಾತ್ರ ಕನಿಕರ ಬೇಡ. ಅಲ್ಲಿ ತುಕ್ಕು ಉಳಿದರೆ ಮೆಷಿನ್ ನಿಲ್ಲಲು ಕಾಲೇ ಇರುವುದಿಲ್ಲ.

ಪುಟ್ಟತಂಗಿ

ತುಕ್ಕಿಗೆ ಕರೆಂಟ್ ಕೊಟ್ಟು ತೆಗೆಯುತ್ತಾರಲ್ಲ, ಅದು ಮನೆಯಲ್ಲಿ ಮಾಡಬಹುದಾ?

ಉಪ್ಪುಕಾಗದ

ಬಿಚ್ಚಲು ಬರುವ ಚಿಕ್ಕ ಭಾಗಗಳಿಗೆ ಚೆನ್ನಾಗಿದೆ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ನೀರು, ಒಗೆಯುವ ಸೋಡಾ. ಬ್ಯಾಟರಿ ಚಾರ್ಜರಿನ ಮೈನಸ್ ತುಕ್ಕಿನ ಸಾಮಾನಿಗೆ, ಪ್ಲಸ್ ಬೇರೊಂದು ಕಬ್ಬಿಣದ ತುಂಡಿಗೆ. ಪ್ಲಸ್ಸಿಗೆ ಸ್ಟೇನ್‌ಲೆಸ್ ಸ್ಟೀಲ್ ಹಾಕಬೇಡಿ, ವಿಷಕಾರಿ ಕ್ರೋಮಿಯಂ ನೀರಿಗೆ ಇಳಿಯುತ್ತದೆ. ಗುಳ್ಳೆಯಾಗಿ ಏಳುವುದು ಹೈಡ್ರೋಜನ್, ಅದಕ್ಕೇ ಬಯಲಿನಲ್ಲಿ ಮಾಡಿ. ಸ್ಪ್ರಿಂಗ್‌ಗಳನ್ನು ಇದರಲ್ಲಿ ಹಾಕಬೇಡಿ, ಗಟ್ಟಿ ಉಕ್ಕು ಹೈಡ್ರೋಜನ್ ಹೀರಿ ಪೆಳಸಾಗಿ ಮುರಿಯಬಹುದು. ಕಳಚಲು ಬಾರದ ಅಡಿ ತಗಡಿಗೆ ಬ್ರಷ್ ಹೊಡೆದು, ಫಾಸ್ಫಾರಿಕ್ ಆಮ್ಲದ ರಸ್ಟ್ ಕನ್ವರ್ಟರ್ ಹಚ್ಚಿ. ಕಪ್ಪಾದ ಮೇಲೆ ಎಪಾಕ್ಸಿ ಪ್ರೈಮರ್, ಅದರ ಮೇಲೆ ಪೇಂಟ್.

ಮನೆಮದ್ದು

ಬಿಗಿದ ಸ್ಕ್ರೂಗಳಿಗೆ ಗೇರ್ ಎಣ್ಣೆ ಮತ್ತು ಅಸಿಟೋನ್ ಸಮಸಮ ಬೆರೆಸಿ ಹಾಕಿ. ಇದು ಚೆನ್ನಾಗಿ ಇಳಿಯುತ್ತದೆ.

ಉಪ್ಪುಕಾಗದ

ಇಳಿಯುತ್ತದೆ, ನಿಜ. ಆದರೆ ಅಸಿಟೋನ್ ಪ್ಲಾಸ್ಟಿಕ್ ಚಕ್ರಕ್ಕೆ, ಗುಂಡಿಗಳಿಗೆ ತಾಗಿದರೆ ಕರಗಿಸುತ್ತದೆ. ಪೇಂಟನ್ನೂ ಏಳಿಸುತ್ತದೆ. ಬೇಗ ಬೆಂಕಿಯೂ ಹತ್ತುತ್ತದೆ. ಹಿಂದಿನ ತಗಡಿನ ಸ್ಕ್ರೂಗೆ ಸರಿ, ಪಲ್ಸೇಟರ್ (ಒಗೆಯುವ ಚಕ್ರ) ಸ್ಕ್ರೂಗೆ ಬೇಡ.

ರೋಲರ್ಮೆಷಿನ್

ನಾನು ಓದುತ್ತಲೇ ಇದ್ದೆ, ಈಗ ಬರೆಯುವ ಆಸೆಯಾಯಿತು. ನನ್ನ ಹತ್ತಿರ ಇನ್ನೂ ಹಳೆಯದಿದೆ. ಮೇಲೆ ಎರಡು ರಬ್ಬರ್ ರೋಲರ್, ಅವುಗಳ ನಡುವೆ ಬಟ್ಟೆ ತೂರಿಸಿ ಹಿಂಡುವುದು. ಮೇಟ್ಯಾಗ್ ಕಂಪನಿ 1922ರಲ್ಲಿ ತೊಟ್ಟಿಯ ತಳದಲ್ಲಿ ರೆಕ್ಕೆಯಿಟ್ಟು ನೀರನ್ನೇ ಆಡಿಸುವ ಮೆಷಿನ್ ತಂದಿತು. ರೋಲರ್ ಮೆಷಿನ್‌ಗಳನ್ನು ಅವರು 1983ರ ತನಕ ಮಾಡುತ್ತಲೇ ಇದ್ದರು. 1937ರಲ್ಲಿ ಬೆಂಡಿಕ್ಸ್ ಆಟೋಮ್ಯಾಟಿಕ್ ಬಂದು ಅಷ್ಟು ಕಾಲವಾದರೂ ಕೊಳ್ಳುವವರು ಇದ್ದರು ಅಂದರೆ ನೋಡಿ. ತಿರುಗುವ ಭಾಗ ಕಡಿಮೆ, ಕೈಯಿಂದ ಬಿಚ್ಚಿ ಸರಿ ಮಾಡಬಹುದು.

ಕುತೂಹಲಿ

ಮೊದಲ ಎಲೆಕ್ಟ್ರಿಕ್ ಮೆಷಿನ್ ಮಾಡಿದ್ದು ಆಲ್ವಾ ಫಿಶರ್ ಅಲ್ವಾ?

ರೋಲರ್ಮೆಷಿನ್

ಹಾಗೆಂದು ಎಲ್ಲ ಕಡೆ ಬರೆಯುತ್ತಾರೆ. ಫಿಶರ್‌ಗೆ ಪೇಟೆಂಟ್ ಸಿಕ್ಕಿದ್ದು 1910ರಲ್ಲಿ. ಆದರೆ ಮೋಟಾರಿನಿಂದ ಓಡುವ ಒಗೆಯುವ ಯಂತ್ರಗಳಿಗೆ ಅದಕ್ಕೂ ಮೊದಲೇ ಬೇರೆಯವರ ಪೇಟೆಂಟ್‌ಗಳಿವೆ. ಒಬ್ಬರ ಹೆಸರು ಹೇಳಿ ಮುಗಿಸುವ ವಿಷಯ ಅಲ್ಲ ಅದು. ಇನ್ನೊಂದು ಸಂಗತಿ, ಆ ಬೆಂಡಿಕ್ಸ್ ಮೆಷಿನ್ನನ್ನು ನೆಲಕ್ಕೆ ಬೋಲ್ಟ್ ಹಾಕಿ ನಿಲ್ಲಿಸಬೇಕಾಗಿತ್ತು. ಹಿಂಡುವಾಗಿನ ಅದುರು ಹೀರುವ ಸ್ಪ್ರಿಂಗ್ ಇರಲಿಲ್ಲ.

ರೋಲರ್ ಮೆಷಿನ್ ಇರುವವರಿಗೆ ಒಂದು ಎಚ್ಚರಿಕೆ. ರೋಲರ್ ತಲೆಯ ಸೇಫ್ಟಿ ರಿಲೀಸ್ ಮೊದಲು ಸರಿ ಮಾಡಿ, ಆಮೇಲೆ ಉಳಿದದ್ದು. ಕೈ ಸಿಕ್ಕಿಕೊಂಡ ಅಪಘಾತಗಳು ಆ ಕಾಲದಲ್ಲಿ ಬಹಳ.

ಬೇಗಬೇಗ

ಇಷ್ಟೆಲ್ಲ ಕಷ್ಟ ಯಾಕೆ ಎಂದು ಯಾರೂ ಕೇಳಲಿಲ್ಲ, ನಾನು ಕೇಳುತ್ತೇನೆ. ಹೊಸ ಆಟೋಮ್ಯಾಟಿಕ್ ಇನ್ನೂ ಚೆನ್ನಾಗಿ ಒಗೆಯುತ್ತದೆ ತಾನೇ?

ವೈಂಡಿಂಗ್ಮನೆ

ನ್ಯಾಯವಾದ ಪ್ರಶ್ನೆ. ಹೊಸದರಲ್ಲಿ ಅನುಕೂಲ ಜಾಸ್ತಿ, ಅದರಲ್ಲಿ ಅನುಮಾನವಿಲ್ಲ. ಆದರೆ ಹಿಂಡುವುದರಲ್ಲಿ ಹಳೇ ಟ್ವಿನ್ ಟಬ್ ಸೋಲುವುದಿಲ್ಲ. ಡ್ರಮ್ ನೇರವಾಗಿ ನಾಲ್ಕು ಪೋಲ್ ಮೋಟಾರಿಗೇ ಕೂತಿರುತ್ತದೆ. 50 ಹರ್ಟ್ಜ್ ಲೈನಿನಲ್ಲಿ ಆ ಮೋಟಾರಿನ ಮೇಲ್ಮಿತಿ ನಿಮಿಷಕ್ಕೆ 1500 ಸುತ್ತು. ಓಡುವಾಗ ಹಿಂದೆ ಬೀಳುವ ವೇಗ, ಅಂದರೆ ಸ್ಲಿಪ್, ಕಳೆದರೆ 1350ರಿಂದ 1400ರ ಹತ್ತಿರ. ಎಷ್ಟೋ ಟಾಪ್ ಲೋಡ್ ಆಟೋಮ್ಯಾಟಿಕ್‌ಗಳು ಅದರ ಅರ್ಧಕ್ಕೆ ನಿಲ್ಲುತ್ತವೆ. ಒಂದೇ ಸೋಪಿನ ನೀರಿನಲ್ಲಿ ಮೊದಲು ಬಿಳಿ, ಆಮೇಲೆ ಬಣ್ಣದ್ದು, ಕೊನೆಗೆ ಒರೆಸುವ ಬಟ್ಟೆ ಒಗೆಯಬಹುದು. ಮುಖ್ಯವಾಗಿ, ಇದರಲ್ಲಿ ಸರ್ಕ್ಯೂಟ್ ಬೋರ್ಡ್ ಇಲ್ಲ. ಎರಡು ಮೋಟಾರ್, ಎರಡು ಟೈಮರ್, ಒಂದು ಬೆಲ್ಟ್. ಎಲ್ಲವೂ ಕಣ್ಣಿಗೆ ಕಾಣುತ್ತದೆ.

ಪುಟ್ಟತಂಗಿ

ನೀರು ಉಳಿಯುವ ಮಾತು ನಿಜ. ನಮ್ಮಮ್ಮ ಈಗಲೂ ಅದಕ್ಕೇ ಟ್ವಿನ್ ಟಬ್ ಬಿಡುವುದಿಲ್ಲ.

ಹಳೇಸಾಮಾನು

ಎಲ್ಲರಿಗೂ ಮತ್ತೆ ನಮಸ್ಕಾರ. ಮೋಟಾರ್ ಓಡಿತು!

ಬೇರಿಂಗ್ 6202, ಎರಡೂ ಬದಲಿಸಿದೆ. ಸೀಲ್ ಅಳತೆ ಕೊಟ್ಟು ತರಿಸಿದೆ. ಮೆಗ್ಗರ್ ಮೊದಲು ಬಹಳ ಕಡಿಮೆ ತೋರಿಸಿತು, ಬಲ್ಬಿನ ಶಾಖದಲ್ಲಿ ಒಣಗಿಸಿದ ಮೇಲೆ 20 ಮೆಗಾ ಓಮ್ ದಾಟಿತು. ಕಂಡೆನ್ಸರ್ ಎರಡೂ ಹೊಸದು. ಮೂರು ಕೋರ್ ವೈರ್, ಎರಡು ಮೋಟಾರಿಗೂ ಅರ್ಥ್. ಮೊದಲ ಸಲ ಸೀರೀಸ್ ಬಲ್ಬ್ ಹಾಕಿ, ಅಂದರೆ ಬಲ್ಬ್ ಮೂಲಕವೇ ಹರಿಯುವಂತೆ ಮಾಡಿ, ಕರೆಂಟ್ ಕೊಟ್ಟೆ. ಬಲ್ಬ್ ಪೂರ್ತಿ ಉರಿದಿದ್ದರೆ ಒಳಗೆ ಶಾರ್ಟ್ ಇದೆ ಎಂದು ಗೊತ್ತಾಗುತ್ತಿತ್ತು. ಮಂದವಾಗಿ ಉರಿಯಿತು. ಆಮೇಲೆ ನೇರವಾಗಿ ಕೊಟ್ಟೆ.

ಒಗೆಯುವ ಕಡೆ ವೈಂಡಿಂಗ್ಮನೆ ಅವರು ಹೇಳಿದ್ದೇ. ಟೈಮರಿನ ಒಂದು ಕಾಂಟ್ಯಾಕ್ಟ್ ಕರ್ರಗಾಗಿತ್ತು. ನಯವಾದ ಉಪ್ಪುಕಾಗದದಲ್ಲಿ ಹಗುರವಾಗಿ ಉಜ್ಜಿ, ಕ್ಲೀನರ್ ಹಾಕಿದೆ. ಈಗ ಎರಡೂ ಕಡೆ ತಿರುಗುತ್ತದೆ. ಆ ಮೋಟಾರನ್ನು ನಾನು ಮುಟ್ಟಲೂ ಇಲ್ಲ.

ಉಳಿದಿರುವುದು ಎರಡು. ಡ್ರೈಯರ್ ಹೊರಡುವಾಗ ಡ್ರಮ್ ಗೋಡೆಗೆ ಬಡಿಯುತ್ತದೆ, ವೇಗ ಹಿಡಿದ ಮೇಲೆ ಸರಿ. ಮುಚ್ಚಳ ತೆಗೆದರೆ ನಿಲ್ಲಲು ಬಹಳ ಹೊತ್ತು ಬೇಕು.

ವೈಂಡಿಂಗ್ಮನೆ

ಬಹಳ ಸಂತೋಷ! ಆ ಮೋಟಾರ್ ಇನ್ನೂ ಎಷ್ಟೋ ವರ್ಷ ಓಡುತ್ತದೆ. ಟೈಮರ್ ಕಾಂಟ್ಯಾಕ್ಟ್ ಮೇಲೆ ಬೆಳ್ಳಿಯ ಲೇಪ ಇರುತ್ತದೆ. ಮತ್ತೆ ಕಪ್ಪಾದರೆ ಉಜ್ಜಬೇಡಿ, ಕ್ಲೀನರಿನಲ್ಲಿ ನೆನೆಸಿದ ದಪ್ಪ ಕಾಗದದ ಪಟ್ಟಿ ನಡುವೆ ಎಳೆಯಿರಿ.

ಸ್ಪ್ಯಾನರ್ಹಿಡಿದವನು

ಡ್ರಮ್ ಬಡಿಯುವುದು: ಮೋಟಾರ್ ಕೆಳಗೆ ಮೂರು ಸ್ಪ್ರಿಂಗ್ ಇರುತ್ತವೆ, ಅವುಗಳೊಳಗೆ ರಬ್ಬರ್. ಮೂರನ್ನೂ ತೆಗೆದು ಪಕ್ಕಪಕ್ಕ ನಿಲ್ಲಿಸಿ ನೋಡಿ. ಒಂದು ಕುಗ್ಗಿದ್ದರೂ ಮೂರನ್ನೂ ಬದಲಿಸಿ. ಸ್ಪ್ರಿಂಗ್ ಸರಿ ಇದ್ದರೆ ಕಪ್ಲಿಂಗಿನಲ್ಲಿ ಶಾಫ್ಟ್ ನೇರ ಕೂತಿದೆಯಾ ನೋಡಿ, ಬೋಲ್ಟ್ ಒಂದು ಕಡೆ ಜಾಸ್ತಿ ಬಿಗಿದರೆ ಓರೆಯಾಗುತ್ತದೆ. ಮೆಷಿನ್ ನಾಲ್ಕು ಕಾಲಿನ ಮೇಲೂ ಸಮವಾಗಿ ನಿಂತಿರಬೇಕು.

ಬ್ರೇಕ್: ಕೆಲವು ಕೈಪಿಡಿಗಳಲ್ಲಿ 15 ಸೆಕೆಂಡಿನೊಳಗೆ ಡ್ರಮ್ ನಿಲ್ಲದಿದ್ದರೆ ಬಳಸಬೇಡಿ ಎಂದೇ ಬರೆದಿರುತ್ತದೆ. ಅದು ಸರಿಯಾಗುವ ತನಕ ಯಾರೂ ಒಳಗೆ ಕೈ ಹಾಕದ ಹಾಗೆ ನೋಡಿಕೊಳ್ಳಿ. ಹಳೇ ಎಣ್ಣೆ, ಗ್ರೀಸ್ ಬ್ರೇಕ್ ಡ್ರಮ್ಮಿಗೆ ತಾಗಿದ್ದರೆ ಒರೆಸಿ. ಕೇಬಲ್ ತುದಿಯ ನಟ್ಟಿನಲ್ಲಿ ಹೊಂದಿಸಿ. ಮುಚ್ಚಳ ಮುಚ್ಚಿದಾಗ ಪಟ್ಟಿ ಪೂರ್ತಿ ಬಿಡಬೇಕು, ತೆರೆದ ತಕ್ಷಣ ಹಿಡಿಯಬೇಕು.

ತಂತಿಕೆಲಸ

ಬ್ರೇಕ್ ಪಟ್ಟಿ ಆ ಕಾಲದ್ದೇ ಆಗಿದ್ದರೆ ಅದರಲ್ಲಿ ಆಸ್ಬೆಸ್ಟಾಸ್ ಇರಬಹುದು. ಆ ಧೂಳನ್ನು ಊದಬೇಡಿ, ಒಣ ಬ್ರಷ್ ಹಾಕಬೇಡಿ. ನೀರು ಚಿಮುಕಿಸಿ ಒದ್ದೆ ಬಟ್ಟೆಯಲ್ಲಿ ಒರೆಸಿ, ಬಟ್ಟೆಯನ್ನು ಕಟ್ಟಿ ಬಿಸಾಡಿ.

ಹಳೇಸಾಮಾನು

ಒಂದು ಸ್ಪ್ರಿಂಗ್ ಕಣ್ಣಿಗೇ ಗಿಡ್ಡ ಕಾಣುತ್ತದೆ. ಮೂರಕ್ಕೂ ಹುಡುಕುತ್ತೇನೆ. ಬ್ರೇಕ್ ಕೇಬಲ್ ನಟ್ ತಿರುಗಿಸಿದೆ, ಈಗ ಮುಚ್ಚಳ ತೆಗೆದ ಕೂಡಲೇ ಹಿಡಿಯುತ್ತದೆ. ಅಡಿ ತಗಡಿಗೆ ಪ್ರೈಮರ್ ಹಚ್ಚಿ ಒಣಗಲು ಬಿಟ್ಟಿದ್ದೇನೆ. ಮೈಗೆ ಪಾಲಿಶ್ ಮಾತ್ರ, ನೆನಪಿನಬುತ್ತಿ ಅವರೇ, ಬಣ್ಣ ಹಾಗೇ ಇದೆ.

ನೆನಪಿನಬುತ್ತಿ

ಬಹಳ ಒಳ್ಳೆಯದು ಮಾಡಿದಿರಿ. ಫೋಟೋ ಹಾಕಿ.

ಮನೆಮದ್ದು

ನಮ್ಮ ಮೆಷಿನ್ ಬಿಚ್ಚಿದೆ. ಸೀಲ್ ಊದಿಕೊಂಡು ಅಂಟಂಟಾಗಿದೆ. ಶಾಫ್ಟ್ ಅಳತೆ ತಗೊಂಡಿದ್ದೇನೆ: ದಪ್ಪ 12 ಮಿಲಿಮೀಟರ್, ಸವೆದ ಗೆರೆಯಲ್ಲಿ ಉಗುರು ಸಿಕ್ಕಿಕೊಳ್ಳುತ್ತಿಲ್ಲ. ಸ್ಪ್ಯಾನರ್ ಸರ್, ಮುಂದೇನು?

ಸ್ಪ್ಯಾನರ್ಹಿಡಿದವನು

ಉಗುರು ಸಿಕ್ಕಿಕೊಳ್ಳದಿದ್ದರೆ ಶಾಫ್ಟ್ ಉಳಿಯಿತು. ಆ ಜಾಗವನ್ನು ಎಣ್ಣೆ ಹಚ್ಚಿದ ನಯವಾದ ವಾಟರ್ ಪೇಪರಿನಲ್ಲಿ ಸುತ್ತಲೂ ಉಜ್ಜಿ, ಉದ್ದುದ್ದ ಉಜ್ಜಬೇಡಿ, ಉದ್ದ ಗೀರು ಬಿದ್ದರೆ ನೀರಿಗೆ ಅದೇ ದಾರಿ. ಆಮೇಲೆ ಎಣ್ಣೆ ಪೂರ್ತಿ ಒರೆಸಿ. ಇನ್ನು ಸೀಲ್ ಕೂರುವ ತೂತಿನ ಅಗಲ ಮತ್ತು ಆಳ ಎಷ್ಟಿದೆ, ಅದನ್ನು ಹಾಕಿ.